ಮೈಕಿನ ಮುಂದೆ

ನಮ್ಮ ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ವರದಿ ಓದುವುದು ಕಾರ್ಯದರ್ಶಿಯಾದ ನನ್ನ ಪಾಲಿನ ಕೆಲಸ. ಓದಲು ನಿಂತರೆ ಕೈಯಲ್ಲಿನ ಹಾಳೆ ಪಟಪಟ ಎನ್ನುವುದು ಮೈಕಿನಲ್ಲಿ ಹಿಂದಿನ ಸಾಲಿಗೂ ಕೇಳಿಸುತ್ತಿತ್ತು. ಈಗ ಮಗಳ ಪರೀಕ್ಷೆಯ ರಟ್ಟಿಗೆ ಸಿಕ್ಕಿಸಿಕೊಳ್ಳುತ್ತೇನೆ. ಕೈ ನಡುಗಿದರೂ ಸದ್ದಿಲ್ಲ. ಧೈರ್ಯ ತಂದುಕೋ ಎನ್ನುವವರ ಉಪದೇಶಕ್ಕಿಂತ ಆ ರಟ್ಟೇ ಮೇಲು.

ಗಾಂಧೀಜಿ ಬ್ಯಾರಿಸ್ಟರ್ ಆದ ಹೊಸದರಲ್ಲಿ ಮುಂಬಯಿಯ ಕೋರ್ಟಿನಲ್ಲಿ ಪಾಟೀಸವಾಲಿಗೆ ಎದ್ದು, ತಲೆ ಸುತ್ತಿ, ಒಂದು ಪ್ರಶ್ನೆಯೂ ಹೊರಡದೆ ಕುಳಿತುಬಿಟ್ಟರಂತೆ. 30 ರೂಪಾಯಿ ಫೀಸನ್ನೂ ಬಿಟ್ಟುಕೊಟ್ಟರು. ಓದಿ ನಗು ಬಂತು, ಆಮೇಲೆ ಮನಸ್ಸು ಹಗುರವಾಯಿತು.

ಎದುರು ಕುಳಿತವರಿಗೆ ಬೇಕಾದದ್ದು ನನ್ನ ದನಿಯಲ್ಲ, ಡಿವಿಡೆಂಡ್ ಎಷ್ಟು ಎಂಬುದು. ಈ ಸಲ ಅದನ್ನೇ ಮೊದಲು ಹೇಳಿದೆ. ಉಳಿದದ್ದನ್ನು ಓದುವಾಗ ಅರ್ಧ ಸಭೆ ಊಟದ ಕೂಪನ್ ಹುಡುಕುತ್ತಿತ್ತು.