80 ಮಿಲಿವೋಲ್ಟ್ ಕಡಿಮೆ

ನಿನ್ನೆ ರಾತ್ರಿ ಕೂತು 2018ರ ಹಳೇ ಲ್ಯಾಪ್‌ಟಾಪ್‌ಗೆ ಅಂಡರ್‌ವೋಲ್ಟ್ ಮಾಡಿದೆ, ಅಂದರೆ ಪ್ರೊಸೆಸರ್‌ಗೆ ಹೋಗುವ ವೋಲ್ಟೇಜ್ ಸ್ವಲ್ಪ ಇಳಿಸಿದೆ. ಥ್ರಾಟಲ್‌ಸ್ಟಾಪ್ ಅನ್ನೋ ತಂತ್ರಾಂಶದಲ್ಲಿ ಕೋರ್ (ಲೆಕ್ಕ ಮಾಡುವ ಭಾಗ), ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಎರಡಕ್ಕೂ ಮೊದಲು ಮೈನಸ್ 50 ಮಿಲಿವೋಲ್ಟ್. ಆಮೇಲೆ ಹತ್ತು ಹತ್ತೇ ಇಳಿಸುತ್ತಾ ಹೋದೆ. 100ಕ್ಕೆ ವಿಂಡೋಸ್ ಕುಸಿದು ನೀಲಿ ಪರದೆ ಬಂತು. 80ಕ್ಕೆ ವಾಪಸ್ ತಂದೆ, ಗಟ್ಟಿಯಾಗಿ ನಿಂತಿದೆ. ಪೂರ್ತಿ ಲೋಡ್‌ನಲ್ಲಿ 94 ಡಿಗ್ರಿ ಮುಟ್ಟುತ್ತಿದ್ದದ್ದು ಈಗ 85ರ ಹತ್ತಿರ. ವೇಗ ಒಂಚೂರೂ ಕಮ್ಮಿ ಆಗಿಲ್ಲ! ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಲ್ವಾ, ಅದಕ್ಕೇ ಸಣ್ಣ ಇಳಿಕೆಗೂ ಇಷ್ಟು ಫಲ. (2019ರಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ, ವೋಲ್ಟೇಜ್ ಇಳಿಸಿ ಇಂಟೆಲ್ ಪ್ರೊಸೆಸರ್‌ನ ಭದ್ರತೆ ಮುರಿಯುವ ದೋಷ ಹೊರಬಿದ್ದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ (ಕಂಪ್ಯೂಟರ್ ಶುರು ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಈ ದಾರಿಯನ್ನೇ ಮುಚ್ಚಿತು. ನನ್ನದರಲ್ಲಿ ತೆರೆದೇ ಇದೆ.)

ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟು ಇಷ್ಟು ವರ್ಷ ಸುಮ್ನೆ ಬಿಸಿ ಮಾಡಿದೆನಲ್ಲ ಅಂತ ಪಾಪ ಅನ್ನಿಸಿತು.

ಅಂಗೈ ಇಡುವ ಜಾಗ ತಣ್ಣಗಿದೆ. ಫ್ಯಾನ್ ನಿಂತಿದೆ, ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿದೆ.