ಮೊದಲು ಆನೆಯ ಮಾತು, ಆಮೇಲೆ ಓಟಿನ ಮಾತು

ವಿರಾಜಪೇಟೆ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಕಾಲೇಜಿನ ಮತದಾರರ ಸಾಕ್ಷರತಾ ಸಂಘದ ಜವಾಬ್ದಾರಿಯೂ ನನ್ನದೇ. ಪ್ರತಿ ಜನವರಿ 25ಕ್ಕೆ ಮತದಾರರ ದಿನ ಮಾಡುತ್ತೇವೆ. ಜಾಥಾ ಇರುತ್ತದೆ, ರಂಗೋಲಿ ಇರುತ್ತದೆ, ಕೈ ಚಾಚಿ ಪ್ರತಿಜ್ಞೆ ಹೇಳುವುದೂ ಇರುತ್ತದೆ. ಅದೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹತ್ತೊಂಬತ್ತರ ಹುಡುಗ ಹುಡುಗಿಯರನ್ನು ಮತಗಟ್ಟೆಯವರೆಗೆ ಕರೆತರುವ ಶಕ್ತಿ ಇರುವುದು ಅವರನ್ನು ದಿನಾ ಕಾಡುವ ಸಮಸ್ಯೆಗೇ. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇದು.

ಅದಕ್ಕೇ ಈಗ ಶುರುವಿನಲ್ಲಿ ಓಟಿನ ವಿಷಯ ಎತ್ತುವುದಿಲ್ಲ. "ನಿಮ್ಮ ಊರಲ್ಲಿ ನಿಮಗೆ ಜಾಸ್ತಿ ತಲೆಬಿಸಿ ಯಾವುದರಿಂದ?" ಎಂದು ಕೇಳಿ ಸುಮ್ಮನೆ ನಿಲ್ಲುತ್ತೇನೆ.

ಒಮ್ಮೆ ಹೀಗೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಅಪ್ಪ ಅಮ್ಮ ಕಾಫಿ ತೋಟದ ಕೆಲಸದವರು, ವಾಸ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ ಒಂದರಲ್ಲಿ. "ಆನೆ, ಸರ್. ಬೆಳಗಿನ ಬಸ್ಸಿಗೆ ತೋಟದ ದಾರೀಲೇ ನಡ್ಕೊಂಡು ಬರ್ಬೇಕು. ಆನೆ ಇಳಿದಿದೆ ಅಂತ ಗ್ರೂಪಲ್ಲಿ ಮೆಸೇಜ್ ಬಂದ್ರೆ ಅಮ್ಮ ಕಳಿಸೋದೇ ಇಲ್ಲ. ಅವತ್ತು ನಂಗೆ ಆಬ್ಸೆಂಟ್" ಅಂದಳು. ಅವಳು ಕೂರುವ ಮೊದಲೇ ಇನ್ನೂ ನಾಲ್ಕೈದು ಜನ ತಮ್ಮ ತೋಟದ, ಗದ್ದೆಯ ಕಥೆ ಶುರು ಮಾಡಿದರು.

ಬೋರ್ಡಿನ ನಡುವೆ ದೊಡ್ಡದಾಗಿ "ಆನೆ" ಎಂದು ಬರೆದೆ. ಕಂದಕ ತೋಡಿಸುವವರು ಯಾರು? ಸೋಲಾರ್ ಬೇಲಿಗೆ, ರೈಲು ಕಂಬಿಯ ಬೇಲಿಗೆ ದುಡ್ಡು ಎಲ್ಲಿಂದ? ಅರಣ್ಯ ಇಲಾಖೆ, ರಾಜ್ಯದ ಬಜೆಟ್ ಎಂದು ಉತ್ತರ ಬಂತು. ಹಾಗಾದರೆ ಕೇಳಬೇಕಾದ್ದು ಶಾಸಕರನ್ನು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂಸತ್ತಿನದು. ಕಾಡು, ವನ್ಯಜೀವಿ ಎರಡೂ 1976ರ ಸಂವಿಧಾನದ 42ನೇ ತಿದ್ದುಪಡಿಯಲ್ಲಿ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ ಬಂದವು. ಅಲ್ಲಿಗೆ ಸಂಸದರೂ ಸೇರಿದರು. ಬಸ್ ಸ್ಟಾಪ್ ಹತ್ತಿರ ಉರಿಯದ ಬೀದಿ ದೀಪ ಗ್ರಾಮ ಪಂಚಾಯಿತಿಯದು. ಒಂದು ಆನೆಯ ದಾರಿ ಹಿಡಿದು ಹೋದರೆ ಮೂರು ಚುನಾವಣೆ ಸಿಕ್ಕಿತು! ಸಮವರ್ತಿ ಪಟ್ಟಿಯನ್ನು ಪರೀಕ್ಷೆಗೆಂದು ಎಷ್ಟೋ ಸಲ ಬರೆಸಿದ್ದೇನೆ. ಅವತ್ತು ಮಾತ್ರ ಮಕ್ಕಳು ತಾವಾಗಿಯೇ ಕೇಳಿ ಬರೆದುಕೊಂಡರು.

ಆಮೇಲೆ ಆಸ್ಪತ್ರೆ. ಇಲ್ಲಿ ಜೋರು ಅಪಘಾತವಾದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. 2019ರಲ್ಲಿ ಕೊಡಗಿನ ಯುವಜನರು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ಎಬ್ಬಿಸಿದ ಕೂಗು ರಾಜ್ಯಕ್ಕೆಲ್ಲ ಕೇಳಿಸಿತ್ತು. ನನ್ನ ವಿದ್ಯಾರ್ಥಿಗಳು ಆಗ ಶಾಲೆಯಲ್ಲಿದ್ದವರು. ಆ ಹ್ಯಾಷ್‌ಟ್ಯಾಗ್‌ನ ಬಲ ದೊಡ್ಡದೇ. ಆದರೂ ಬಜೆಟ್‌ನಲ್ಲಿ ದುಡ್ಡು ಇಡುವವರು ಯಾರು ಅನ್ನುವುದು ಓಟಿನಲ್ಲೇ ತೀರ್ಮಾನವಾಗುತ್ತದೆ, ಅಲ್ವಾ? ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯವನ್ನು ಮುಚ್ಚುವ ಮಾತು 2025ರಲ್ಲಿ ಬಂದಾಗ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಅದು ಅವರದೇ ಡಿಗ್ರಿಯ ಪ್ರಶ್ನೆ.

"ನನ್ನೊಂದು ಓಟಿಂದ ಏನಾಗುತ್ತೆ ಸರ್?" ಇದಂತೂ ಪ್ರತಿ ವರ್ಷ ಬರುತ್ತದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಓಟಿನಲ್ಲಿ ಗೆದ್ದ ಕಥೆ ಎಲ್ಲರೂ ಹೇಳುತ್ತಾರೆ. ನಿಜವಾದ ಕಥೆಯೇ, ಆದರೆ ಅಂಥದ್ದು ಅಪರೂಪ ಅನ್ನುವುದು ಮಕ್ಕಳಿಗೂ ಗೊತ್ತು. ನಾನು ಹತ್ತಿರದ ಲೆಕ್ಕ ಕೊಡುತ್ತೇನೆ. 2023ರಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರಗಳಲ್ಲಿ ಗೆಲುವಿನ ಅಂತರ ಐದು ಸಾವಿರಕ್ಕಿಂತ ಕಡಿಮೆ. ಜಿಲ್ಲೆಯ ಕಾಲೇಜುಗಳಲ್ಲಿ ನಿಮ್ಮಂಥವರು ಎಷ್ಟಿದ್ದೀರಿ, ನೀವೇ ಎಣಿಸಿ ಎನ್ನುತ್ತೇನೆ.

ಒಂದು ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಪಕ್ಷದ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ವಿದ್ಯಾರ್ಥಿ ಯಾರಾದರೂ ಎತ್ತಿದರೆ, ಈ ಸಮಸ್ಯೆ ಬಗ್ಗೆ ಅವರು ಏನು ಹೇಳಿದ್ದಾರೆ, ಏನು ಮಾಡಿದ್ದಾರೆ, ಹುಡುಕಿ ತನ್ನಿ ಎಂದು ಕಳಿಸುತ್ತೇನೆ. ಮೇಷ್ಟ್ರು ಯಾವ ಕಡೆ ಅನ್ನುವ ಅನುಮಾನ ಒಮ್ಮೆ ಬಂದರೆ ಆ ತರಗತಿಯಲ್ಲಿ ಮತ್ತೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಮಾತು ಕಾವೇರಿದಾಗಲೇ ನಮೂನೆ 6, ಅಂದರೆ ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ಕೈಗೆ ಕೊಡಬೇಕು. ನಾಳೆ ಅಂದರೆ ಅರ್ಧ ಜನ ಮರೆಯುತ್ತಾರೆ. 17 ತುಂಬಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು. 18 ತುಂಬಿರಬೇಕಾದ ಅರ್ಹತಾ ದಿನಾಂಕ ಮೊದಲು ಜನವರಿ 1 ಒಂದೇ ಇತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಇವೆ. ಹಾಸ್ಟೆಲ್‌ನಲ್ಲಿರುವವರು ಊರಿನ ವಿಳಾಸದಲ್ಲಾದರೂ ಸೇರಬಹುದು, ಹಾಸ್ಟೆಲ್ ವಿಳಾಸದಲ್ಲಾದರೂ ಸೇರಬಹುದು, ಎರಡೂ ಕಡೆ ಮಾತ್ರ ಆಗದು. ಕಷ್ಟ ಇರುವುದು ಲೈನ್ ಮನೆಯವರಿಗೆ. ತೋಟದಿಂದ ತೋಟಕ್ಕೆ ಹೋಗುವ ಕುಟುಂಬದ ಹತ್ತಿರ ಈಗಿನ ಮನೆಯ ಕಾಗದಪತ್ರ ಎಲ್ಲಿರುತ್ತದೆ? ಕಾಗದ ಇಲ್ಲ ಅಂತ ಹೆಚ್ಚಿನವರು ಅರ್ಜಿಯನ್ನೇ ಹಾಕುವುದಿಲ್ಲ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೇ ಬಂದು ನೋಡಿ ಖಚಿತಪಡಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಆನೆಯ ಮಾತೆತ್ತಿದ ಹುಡುಗಿಯ ಹೆಸರು ಪಟ್ಟಿಗೆ ಸೇರಿದ್ದು ಹಾಗೆಯೇ.

ಹೆಸರು ಬಂದ ಮೇಲೆ ಅವಳೇ ಕೇಳಿದಳು: "ಎಲೆಕ್ಷನ್ ಬರೋವರೆಗೆ ಸುಮ್ನೆ ಕೂರೋದಾ ಸರ್?" ನ್ಯಾಯವಾದ ಪ್ರಶ್ನೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದ ರಾಜ್ಯ ನಮ್ಮದು. ಆದರೆ ಗ್ರಾಮಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು, ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಬೀದಿ ದೀಪದ ಅರ್ಜಿ ಬರೆದುಕೊಂಡು ಅಲ್ಲಿಗೆ ಹೋಗು, ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಹೋಗು ಅಂದೆ. ಅರ್ಜಿಯನ್ನು ಮೂರು ಜನ ಗೆಳತಿಯರು ಸೇರಿ ತರಗತಿಯಲ್ಲೇ ಕೂತು ಬರೆದರು.