ಸ್ಕೂಟರಿಗಿಂತ ಮೊದಲು ಗೋಡೆಗೆ ಖರ್ಚು ಮಾಡಿ

ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡಲು ಹೋದಾಗ ಶೋರೂಮಿನ ಹುಡುಗ ಆಕ್ಸೆಸರೀಸ್ ಪಟ್ಟಿಯೊಂದನ್ನು ಮುಂದಿಟ್ಟ. ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಫ್ಲೋರ್ ಮ್ಯಾಟ್, ಬಾಡಿ ಕವರ್, ಕ್ರೋಮ್ ಪಟ್ಟಿ, ಇನ್ನೂ ಏನೇನೋ. ಒಟ್ಟು ಏಳು ಸಾವಿರದ ಮೇಲೆ. "ಎಲ್ರೂ ಹಾಕಿಸ್ತಾರೆ ಮೇಡಂ" ಅಂದ. ಮನೆಯಲ್ಲಿ ಗಾಡಿ ನಿಲ್ಲಿಸುವ ಕಡೆ ಪ್ಲಗ್ ಇದೆಯಾ, ಅದಕ್ಕೆ ಅರ್ಥಿಂಗ್ ಇದೆಯಾ ಅಂತ ಮಾತ್ರ ಕೇಳಲಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಿತ್ತು. ಆ ಏಳು ಸಾವಿರದಲ್ಲಿ ಮೊದಲ ಪಾಲು ಗೋಡೆಗೆ ಹೋಗಲಿ, ಮಿಕ್ಕಿದ್ದು ಗಾಡಿಗೆ.

ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ, ಬಾಡಿಗೆ ಮನೆಯ ಮಹಡಿಯಲ್ಲಿ. ಕೆಲಸ ಭದ್ರಾವತಿಯ ಶಾಲೆಯಲ್ಲಿ. ಹೋಗಿ ಬರಲು ನಲವತ್ತು ಕಿಲೋಮೀಟರ್ ಹತ್ತಿರ. ಗಾಡಿಯ ಬ್ಯಾಟರಿ 3.4 ಕಿಲೋವ್ಯಾಟ್ ಅವರ್ (ಅಂದರೆ ಅಷ್ಟೇ ಯೂನಿಟ್), ಬಿಚ್ಚಿ ಮೇಲಕ್ಕೆ ಹೊರುವಂಥದ್ದಲ್ಲ. ಹಾಗಾಗಿ ಕರೆಂಟೇ ಕೆಳಗಿಳಿದು ಬರಬೇಕು.

ಕೆಳಗೆ ಪೋರ್ಟಿಕೋದಲ್ಲಿ ಹಳೆಯ ಪ್ಲಗ್ಗೊಂದಿತ್ತು. ಅದು ಓನರ್ ಮೀಟರಿನದು, ಅದು ಬೇರೆ ಮಾತು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿದರೆ ಮೂರು ತೂತುಗಳಲ್ಲಿ ಮೇಲಿನ ದಪ್ಪ ತೂತಿನ, ಅಂದರೆ ಅರ್ಥಿಂಗಿನ ತೂತಿನ ಹಿಂದೆ ವೈರೇ ಇಲ್ಲ. "ಇದು ಬರೀ ತೋರಿಕೆಗೆ ಮೇಡಂ" ಅಂತ ನಕ್ಕರು. ಹಳೇ ಮನೆಗಳಲ್ಲಿ ಇದು ಅಪರೂಪವೇನಲ್ಲ. ಟಿವಿ, ಫ್ಯಾನು ಅರ್ಥ್ ಇಲ್ಲದೆಯೂ ಓಡುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲೋ ಕರೆಂಟು ಸೋರಿ ಗಾಡಿಯ ಲೋಹದ ಭಾಗಕ್ಕೆ ಬಂದರೆ ಅದು ನೆಲಕ್ಕೆ ಇಳಿಯಲು ಇರುವುದು ಆ ಮೂರನೇ ವೈರೊಂದೇ. ಅದಿಲ್ಲದಿದ್ದರೆ ಒದ್ದೆ ಚಪ್ಪಲಿಯಲ್ಲಿ ಗಾಡಿ ಮುಟ್ಟಿದವರ ಮೂಲಕವೇ ಇಳಿಯುತ್ತದೆ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ ಒಣಗಿರುವುದು ಯಾವಾಗ ಹೇಳಿ?

ಓನರ್ ಅಂಕಲ್ ರಿಟೈರ್ಡ್ ಮನುಷ್ಯ, ಪೇಪರು ಒಂದಕ್ಷರ ಬಿಡದೆ ಓದುವವರು. "ಅಲ್ಲ ಟೀಚರೇ, ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ರೆ ಬೆಂಕಿ ಹತ್ಕೊಳ್ಳಲ್ವಾ? ಮನೇಲಿ ಮೊಮ್ಮಕ್ಕಳು ಬರ್ತಾರೆ" ಅಂದರು. ಅವರ ಭಯ ಸುಳ್ಳಲ್ಲ. 2022ರಲ್ಲಿ ದೇಶದ ಹಲವು ಕಡೆ ಇಂಥ ಸ್ಕೂಟರ್‌ಗಳು ಹೊತ್ತಿ ಉರಿದಿದ್ದವು. ಆಮೇಲೆಯೇ ಕೇಂದ್ರ ಸರ್ಕಾರ ಎಐಎಸ್-156 ಅನ್ನುವ ಬ್ಯಾಟರಿ ಸುರಕ್ಷತಾ ನಿಯಮವನ್ನು ಬಿಗಿ ಮಾಡಿ 2022ರ ಡಿಸೆಂಬರ್‌ನಿಂದ ಹಂತ ಹಂತವಾಗಿ ಜಾರಿಗೆ ತಂದಿದ್ದು. ಇದನ್ನೆಲ್ಲ ಹೇಳಿದೆ. ಅದಕ್ಕಿಂತ, ವೈರಿಂಗ್ ಖರ್ಚು ನನ್ನದು, ಕರೆಂಟು ನನ್ನ ಮೀಟರಿನದು, ಅರ್ಥ್ ಗುಂಡಿ ಮನೆಗೇ ಉಳಿಯುತ್ತೆ ಅಂದಿದ್ದು ಹೆಚ್ಚು ಕೆಲಸ ಮಾಡಿತು.

ಮಾಡಿಸಿದ್ದಿಷ್ಟು. ಕಾಂಪೌಂಡ್ ಪಕ್ಕ ಗುಂಡಿ ತೆಗೆದು ಇದ್ದಿಲು, ಉಪ್ಪು ತುಂಬಿ ಅರ್ಥ್ ಪೈಪು ಇಳಿಸಿದ್ದು. ಗೇಟಿನ ಬಳಿಯ ಮೀಟರ್ ಬೋರ್ಡಿನಲ್ಲಿ ನನ್ನ ಮೀಟರಿನಿಂದ ನೇರ ತಾಮ್ರದ ಲೈನು. ಅದಕ್ಕೆ ಮಿತಿ ಮೀರಿ ಕರೆಂಟು ಹರಿದರೆ ಲೈನ್ ಕಡಿಯುವ 16 ಆಂಪಿಯರ್ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುವುದು ಇದೇ ಆರ್‌ಸಿಸಿಬಿ. ಹಣ ಉಳಿಸಬೇಕೆಂದರೆ ಬೇರೆಲ್ಲಾದರೂ ಉಳಿಸಿ, ಇದನ್ನು ಬಿಡಬೇಡಿ. ಕೊನೆಗೆ ಎದೆಯೆತ್ತರಕ್ಕೆ, ಎರಚಲು ತಾಗದ ಗೋಡೆಗೆ, ಮುಚ್ಚಳವಿರುವ 16 ಆಂಪಿಯರ್ ಮೆಟಲ್ ಬಾಕ್ಸು. ಅದಕ್ಕೊಂದು ಸಣ್ಣ ಬೀಗ. ಚಾರ್ಜರ್ ವೈರು ಬಾಕ್ಸಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹತ್ತುವಂತೆ ಬಿಟ್ಟಿದ್ದೇವೆ. ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನ ಒಳಗೆ ಹೋಗುವುದಿಲ್ಲ.

ನನ್ನ ಚಾರ್ಜರ್ 650 ವ್ಯಾಟಿನದು, ಎಳೆಯುವುದು ಮೂರು ಆಂಪಿಯರ್ ಆಸುಪಾಸು. ಮನೆಯ ಮಿಕ್ಸಿಯೇ ಇದಕ್ಕಿಂತ ಹೆಚ್ಚು ಎಳೆಯಬಹುದು. ಹಾಗಾದರೆ ದೊಡ್ಡ ಪ್ಲಗ್ ಯಾಕೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಮಿಕ್ಸಿ ಐದು ನಿಮಿಷ ತಿರುಗಿ ನಿಲ್ಲುತ್ತದೆ, ಇದು ಐದು ಗಂಟೆ ಬಿಡದೆ ಎಳೆಯುತ್ತದೆ. ಪಿನ್ನು ಸ್ವಲ್ಪ ಸಡಿಲ ಇದ್ದರೂ ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕರಗಲು ಅಷ್ಟು ಹೊತ್ತು ಸಾಕು. ಎಕ್ಸ್‌ಟೆನ್ಷನ್ ಬಾಕ್ಸು ಕಿಟಕಿಯಿಂದ ಇಳಿಬಿಡುವವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ದೊಡ್ಡ ಪಿನ್ನಿಗೆ ಸಣ್ಣ ಪಿನ್ ಮಾಡುವ ಕನ್ವರ್ಟರ್ ಬೇರೆ. ಎರಡೂ ಬೇಡ.

ಇನ್ವರ್ಟರ್ ಲೈನಿನಿಂದ ಈ ಪಾಯಿಂಟ್ ಹೊರಗಿರಲಿ. 12 ವೋಲ್ಟಿನ, 150 ಎಎಚ್‌ನ ಒಂದು ಬ್ಯಾಟರಿಯಲ್ಲಿ ಇರುವುದೇ 1.8 ಕಿಲೋವ್ಯಾಟ್ ಅವರ್. ಅದನ್ನು ಪೂರ್ತಿ ಹಿಂಡಿದರೂ, ನಡುವೆ ಪೋಲಾಗುವುದನ್ನು ಕಳೆದರೆ ಸ್ಕೂಟರ್ ಅರ್ಧ ತುಂಬುವುದಿಲ್ಲ, ಮನೆ ಮಾತ್ರ ಕತ್ತಲಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಹೋಗಲಿ, ಬಂದಾಗ ಚಾರ್ಜಿಂಗ್ ತಾನೇ ಮುಂದುವರಿಯುತ್ತದೆ. ಏಪ್ರಿಲ್ ಮೇ ಸಂಜೆಯ ಗುಡುಗು ಸಿಡಿಲಿಗೆ ಮಾತ್ರ ಪ್ಲಗ್ ಕೀಳುತ್ತೇನೆ, ಸ್ವಿಚ್ ಆಫ್ ಮಾಡಿದರೆ ಸಾಲದು.

ಬಿಲ್ಲಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ನನ್ನ ಓಡಾಟಕ್ಕೆ ತಿಂಗಳಿಗೆ 40ರಿಂದ 50 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಮುನ್ನೂರು ದಾಟುವುದಿಲ್ಲ. ಇಷ್ಟೇ ದೂರಕ್ಕೆ ಹಳೇ ಗಾಡಿ ಎರಡು ಸಾವಿರದ ಮೇಲೆ ಪೆಟ್ರೋಲ್ ಕುಡಿಯುತ್ತಿತ್ತು. ಆದರೆ ಗೃಹಜ್ಯೋತಿ ಇರುವವರು ಒಂದು ವಿಷಯ ಗಮನಿಸಿ. ಉಚಿತದ ಮಿತಿ ಲೆಕ್ಕ ಹಾಕಿರುವುದು 2022-23ರ ಸರಾಸರಿ ಬಳಕೆಯ ಮೇಲೆ, ಆಗ ನಿಮ್ಮ ಬಳಿ ಸ್ಕೂಟರ್ ಇರಲಿಲ್ಲ. ಮಿತಿ ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಗೀಸರ್ ಇರುವ ಮನೆಯಲ್ಲಿ ಆ ಗೆರೆ ಬೇಗ ಬರುತ್ತದೆ.

ಈಗ ಗಾಡಿಯ ಮೇಲಿನ ಸಾಮಾನು. ಸೀರೆ ಗಾರ್ಡ್ ಬಗ್ಗೆ ಚೌಕಾಸಿಯೇ ಬೇಡ, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅದು ಆಕ್ಸೆಸರಿ ಅಲ್ಲ, ನಿಮ್ಮ ಹಕ್ಕು. ಮುಂದಿನ ಚಕ್ರಕ್ಕೆ ಉದ್ದನೆಯ ರಬ್ಬರ್ ಮಡ್‌ಫ್ಲಾಪ್ ಹಾಕಿಸಿ, ಮಲೆನಾಡಿನ ಕೆಂಪು ರಾಡಿ ಸೀರೆ ನೆರಿಗೆಗೆ ಹಾರಿದರೆ ಸೋಪಿಗೂ ಜಗ್ಗುವುದಿಲ್ಲ. ಚಾರ್ಜರ್ ಸೀಟಿನಡಿ ಇಟ್ಟರೆ ಹೆಲ್ಮೆಟ್ ಹಿಡಿಸುವುದಿಲ್ಲ, ಅದಕ್ಕೆ ಹೆಲ್ಮೆಟ್ ಲಾಕೊಂದು. ಟಿಫಿನ್ ಬ್ಯಾಗಿಗೆ ಮುಂದೆ ಗಟ್ಟಿ ಕೊಕ್ಕೆ.

ನಾನು ಕೊಂಡದ್ದರಲ್ಲಿ ಅತಿ ಉಪಯೋಗದ್ದು ಚಾರ್ಜ್ ಮಾಡುವ ಪುಟ್ಟ ಗಾಳಿ ಪಂಪು. ಟೈರಿನಲ್ಲಿ ಗಾಳಿ ಇಳಿದರೆ ಓಡುವ ಕಿಲೋಮೀಟರೂ ಇಳಿಯುತ್ತದೆ. ಪೆಟ್ರೋಲ್ ಬಂಕಿಗೆ ಹೋಗುವ ಅಭ್ಯಾಸ ತಪ್ಪಿದ ಮೇಲೆ ಗಾಳಿ ನೋಡಿಸುವ ಅಭ್ಯಾಸವೂ ತಪ್ಪುತ್ತದೆ, ಗಮನಿಸಿದ್ದೀರಾ? ಮೊಬೈಲ್ ಹೋಲ್ಡರ್ ಕೊಳ್ಳುವುದಾದರೆ ಅದುರು ತಡೆಯುವ ರಬ್ಬರ್ ಇರುವುದು ಕೊಳ್ಳಿ. ಬೈಕಿನ ಅದುರಿಗೆ ಫೋನಿನ ಕ್ಯಾಮೆರಾ ಕೆಡಬಹುದು ಎಂದು ಆಪಲ್ 2021ರಲ್ಲೇ ಎಚ್ಚರಿಸಿದೆ, ಸ್ಕೂಟರಿಗೂ ಇಂಥ ಹೋಲ್ಡರನ್ನೇ ಹೇಳಿದೆ.

ಕ್ರೋಮ್ ಪಟ್ಟಿ, ಬಣ್ಣದ ದೀಪ ನನಗೆ ಬೇಡ. ಹೆಚ್ಚುವರಿ ದೀಪ, ಜೋರು ಹಾರ್ನ್ ಅಂತ ಹೊರಗಿನವರ ಕೈಯಲ್ಲಿ ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಗೇ ಕುತ್ತು. ಬಾಡಿ ಕವರ್ ಇದ್ದರೂ ಚಾರ್ಜ್ ಆಗುವಾಗ ಹೊದಿಸಬೇಡಿ, ಬಿಸಿ ಹೊರಗೆ ಹೋಗಬೇಕು. ಶಾಲೆಯಿಂದ ಬಂದ ಕೂಡಲೇ ನಾನು ಪ್ಲಗ್ ಹಾಕುವುದೂ ಇಲ್ಲ. ಕಾಫಿ, ಅಡುಗೆ ಎಲ್ಲ ಮುಗಿದ ಮೇಲೆ, ಬ್ಯಾಟರಿ ತಣಿದಿರುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಪೂರ್ತಿ ತುಂಬಿಸಿಡದೆ ಅರ್ಧದ ಆಸುಪಾಸಿನಲ್ಲಿ ಬಿಟ್ಟು ಹೋಗುತ್ತೇನೆ.

ದೂರ ಹೋಗುವವರಿಗೆ ಒಂದು ಮಾತು. ಆ್ಯಪಿನ ಮ್ಯಾಪಿನಲ್ಲಿ ಚಾರ್ಜರ್ ಕಂಡಿತೆಂದು ಹೊರಡಬೇಡಿ, ಅದರ ಕನೆಕ್ಟರ್ ನಿಮ್ಮ ಗಾಡಿಗೆ ಕೂರುತ್ತದಾ ನೋಡಿ. ಏಥರ್ ಕಂಪನಿ ರೂಪಿಸಿದ ಕನೆಕ್ಟರ್‌ಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಸಿಕ್ಕಿದೆ, ಹೀರೋದ ವಿಡಾ ಗಾಡಿಗಳೂ ಅದನ್ನೇ ಬಳಸುತ್ತವೆ, ಆದರೆ ಎಲ್ಲ ಕಂಪನಿಯವರೂ ಅದಕ್ಕೆ ಬಂದಿಲ್ಲ. ನನ್ನಂಥವರಿಗೆ ಸೀಟಿನಡಿಯ ಚಾರ್ಜರೇ ಗತಿ. ತೀರ್ಥಹಳ್ಳಿ ಕಡೆ ಹೊರಟರೆ ಊಟಕ್ಕೆ ನಿಲ್ಲುವ ಹೋಟೆಲಿಗೆ ಮೊದಲೇ ಫೋನ್ ಮಾಡಿ "16 ಆಂಪಿಯರ್ ಪ್ಲಗ್ ಹೊರಗಿದೆಯಾ, ಅರ್ಥಿಂಗ್ ಇದೆಯಾ?" ಅಂತ ಕೇಳಿಕೊಂಡು, ಕರೆಂಟಿನ ದುಡ್ಡು ಬೇರೆ ಕೊಡುತ್ತೇನೆ ಅಂತಲೂ ಹೇಳಿಬಿಡುತ್ತೇನೆ. ಎರಡು ಗಂಟೆ ಹಾಕಿದರೆ ಮೂವತ್ತು ಕಿಲೋಮೀಟರಿನಷ್ಟು ಸಿಗುತ್ತದೆ.